ದುರಸ್ತಿಯ ಬಣ್ಣ ಕಪ್ಪು

ಫೆಬ್ರವರಿ ೧೧, ಮಂಗಳವಾರ

ಅಣ್ಣನಿಗೆ ಇವತ್ತು ಮೊದಲ ಸಲ ಔಷಧಿ ತುಂಬಿದರು. ತುಂಬಿದರು ಎಂಬುದೇ ಸರಿಯಾದ ಮಾತು. ಅವನ ಮೂತ್ರಕೋಶದಲ್ಲಿದ್ದ ಗೆಡ್ಡೆಯನ್ನು ಹೋದ ತಿಂಗಳು ಕೆರೆದು ತೆಗೆದಿದ್ದಾರೆ. ಕ್ಯಾನ್ಸರ್. ಗೋಡೆಯೊಳಕ್ಕೆ ಇಳಿದಿಲ್ಲ, ಮೇಲ್ಪದರದಲ್ಲೇ ಇತ್ತು ಎನ್ನುತ್ತಾರೆ. ಮತ್ತೆ ಹುಟ್ಟದಿರಲೆಂದು ಇನ್ನು ಕೆಲವು ವಾರ, ವಾರಕ್ಕೊಮ್ಮೆ, ನಳಿಕೆಯಲ್ಲಿ ಔಷಧಿ ಒಳಗೆ ಬಿಡುತ್ತಾರೆ. ಅದನ್ನು ಎರಡು ಗಂಟೆ ಹಿಡಿದಿಟ್ಟುಕೊಂಡು, ಆಗಾಗ ಮಗ್ಗುಲು ಬದಲಿಸುತ್ತ ಮಲಗಿರಬೇಕು. ಒಳಗೆಲ್ಲ ಸಮನಾಗಿ ತಾಗಬೇಕಲ್ಲ.

ಅಣ್ಣ ಹೋದ ವರ್ಷದವರೆಗೂ ನಮ್ಮ ಬಣ್ಣದ ಕಾರ್ಖಾನೆಯಲ್ಲಿ ತೊಟ್ಟಿಗಳ ಮೇಸ್ತ್ರಿಯಾಗಿದ್ದವನು. ಬಟ್ಟೆಯನ್ನು ಬಣ್ಣದ ನೀರಿನಲ್ಲಿ ಎಷ್ಟು ಹೊತ್ತು ಬಿಡಬೇಕು, ಯಾವಾಗ ತಿರುಗಿಸಬೇಕು ಎನ್ನುವುದರಲ್ಲೇ ಅವನ ಆಯುಸ್ಸು ಕಳೆದಿದೆ.

"ನೋಡೇ," ಎಂದ, ನಾನು ಒಳಗೆ ಹೋದ ಕೂಡಲೇ. "ಈಗ ನಾನೇ ತೊಟ್ಟಿ."

"ಮಾತು ಸಾಕು, ಎಡಕ್ಕೆ ಹೊರಳಿ," ಎಂದರು ಅತ್ತಿಗೆ.

"ಕೇಳಿಸ್ಕೊಂಡ್ಯಾ? ಹೊಸ ಮೇಸ್ತ್ರಿ. ನನಗಿಂತ ಜೋರು."

ಮೂವರೂ ನಕ್ಕೆವು. ಪಕ್ಕದ ಮಂಚದವನು ನಮ್ಮನ್ನು ಒಂದು ಥರ ನೋಡಿದ. ಈ ವಿಷಯದಲ್ಲಿ ನಗುವುದು ನಮ್ಮ ಮನೆಯ ಹಳೆಯ ಅಭ್ಯಾಸ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಅಪ್ಪ ಅದೇ ಕಾರ್ಖಾನೆಯಲ್ಲಿ ಬಣ್ಣದ ಪುಡಿ ತೂಗುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಹೇಡಿಗಳ ಲಕ್ಷಣವಾಗಿದ್ದ ಕಾಲ. ಸಂಜೆ ಬಂದು ಬಚ್ಚಲಿಗೆ ಹೋದವರು ಮೂತ್ರಕ್ಕೆ ಬಂದ ಬಣ್ಣ ನೋಡಿ ಒಳಗಿನಿಂದಲೇ ಕೂಗುತ್ತಿದ್ದರು: "ಇವತ್ತು ಹಸಿರು!" ಅವರು ಕೂಗುವ ಮೊದಲೇ, ಆ ದಿನ ಕಾರ್ಖಾನೆಯಲ್ಲಿ ಯಾವ ಲಾಟ್, ಅಂದರೆ ಯಾವ ಬಣ್ಣದ ಸರಕು, ಓಡಿದೆ ಎಂದು ನಾನೂ ಅಣ್ಣನೂ ಊಹಿಸಬೇಕು. ಗೆದ್ದವರಿಗೆ ಅವರ ಬೆನ್ನಿನ ಮೇಲೆ ಸವಾರಿ. ಹೀಗಾಗಿ ಒಂದು ಕಾಲಕ್ಕೆ ದಿನವೂ ಕೆಂಪು ಬರತೊಡಗಿದಾಗ ಮನೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಬೇರೆಯವರ ಮನೆಯಲ್ಲಿ ಆ ಬಣ್ಣ ಕಂಡರೆ ಡಾಕ್ಟರ ಹತ್ತಿರ ಓಡುತ್ತಾರೆ. ನಮ್ಮ ಮನೆಯಲ್ಲಿ ಕೆಂಪು ಎಂದರೆ ಕೆಂಪು ಲಾಟ್.

ಅಣ್ಣನೂ ಅದನ್ನೇ ಮಾಡಿದ. ನಿವೃತ್ತಿಯಾದ ಮೇಲೂ ಬಂತಲ್ಲ, ಆಗಲಾದರೂ ತಿಳಿಯಬಾರದೇ ಎಂದು ಕೇಳಿದರೆ, "ಹಳೇ ಬಣ್ಣ ಬಿಡ್ತಾ ಇದೆ ಅಂದ್ಕೊಂಡೆ," ಎಂದ. ಹೊಸ ಬಟ್ಟೆ ಮೊದಲ ಒಗೆತಗಳಲ್ಲಿ ಬಿಡುತ್ತದಲ್ಲ, ಹಾಗೆ.

ಫೆಬ್ರವರಿ ೧೩, ಗುರುವಾರ

ಮಗಳು ಇವತ್ತು ಒಂದು ಬೂದು ಬಣ್ಣವನ್ನು ನನಗಿಂತ ಮೊದಲು ಹಿಡಿದಳು.

ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ: ಗಿರಾಕಿ ಕೊಟ್ಟ ತುಂಡನ್ನೂ ನಮ್ಮ ತೊಟ್ಟಿಯಿಂದ ಬಂದ ತುಂಡನ್ನೂ ಬೆಳಕಿನ ಪೆಟ್ಟಿಗೆಯೊಳಗೆ ಅಕ್ಕಪಕ್ಕ ಇಟ್ಟು, ಎರಡೂ ಒಂದೇ ಬಣ್ಣವೋ ಅಲ್ಲವೋ ಹೇಳುವುದು. ಪೆಟ್ಟಿಗೆಗೆ ಮೂರು ಸ್ವಿಚ್ಚುಗಳಿವೆ. ಅವುಗಳ ಕೆಳಗೆ ನಾನೇ ಬರೆದಂಟಿಸಿದ್ದೇನೆ: ಹಗಲು, ಅಂಗಡಿ, ಮನೆ. ಹಗಲಿನಲ್ಲಿ ಒಂದೇ ಆಗಿ ಕಂಡದ್ದು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬೇರೆಯಾಗಬಹುದು, ಮನೆಯ ಹಳದಿ ಬಲ್ಬಿನಲ್ಲಿ ಮೂರನೆಯದೇ ಆಗಬಹುದು. ಮೂರೂ ಬೆಳಕಿನಲ್ಲಿ ಒಂದೇ ಆಗಿ ಕಾಣುವವರೆಗೆ ಬಾಯಿ ಬಿಡಬಾರದು. ಈಗ ಯಂತ್ರವೂ ಇದೆ, ಅಂಕಿಯನ್ನೂ ಕೊಡುತ್ತದೆ. ಆದರೂ ಕಡೆಗೆ, "ಕಣ್ಣಮ್ಮ ಏನಂದ್ರು?" ಎಂದೇ ಕೇಳುತ್ತಾರೆ. ಅದು ನನ್ನ ಹೆಸರಲ್ಲ, ತೊಟ್ಟಿಯ ಕಡೆಯವರು ಇಟ್ಟದ್ದು. ಮಗಳು ಕಲಿಯಲು ಸೇರಿದ ಮೇಲೆ ಅವಳಿಗೆ ಮರಿಕಣ್ಣು ಎಂದು ಹೆಸರಾಗಿದೆ. ಬರುವ ತಿಂಗಳುಗಳಲ್ಲಿ ಅವಳ ಕೆಲಸ ಕಾಯಂ ಆಗುತ್ತದೆ. ಮ್ಯಾನೇಜರ ಹತ್ತಿರ ಮಾತಾಡಿದ್ದು ನಾನೇ.

"ಮೊದಲು ನೀನು ಹೇಳು," ಎನ್ನುವುದು ನನ್ನ ಪದ್ಧತಿ. ನಾನು ಮೊದಲು ಹೇಳಿದರೆ ಅವಳ ಕಣ್ಣು ನನ್ನ ಮಾತನ್ನು ನೋಡುತ್ತದೆ, ಬಣ್ಣವನ್ನಲ್ಲ.

ಸಂಜೆ ಮನೆಯ ಬಚ್ಚಲಲ್ಲಿ ಸ್ವಲ್ಪ ಬಣ್ಣ ಕಂಡಿತು. ತಿಳಿ ಗುಲಾಬಿ. ಮುಟ್ಟು ನಿಂತು ವರ್ಷ ಕಳೆದ ಮೇಲೂ ಕೆಲವರಿಗೆ ಒಂದು ಸಲ ಹಿಂದಿರುಗಿ ಬರುತ್ತದಂತೆ. ಅದೇ ಇರಬೇಕು.

ಫೆಬ್ರವರಿ ೨೦, ಗುರುವಾರ

ಅಣ್ಣನ ರಕ್ತವನ್ನು ವಂಶವಾಹಿಗಳ ಪರೀಕ್ಷೆಗೆ ಕಳಿಸಿದ್ದರಲ್ಲ, ಅದರ ಫಲಿತಾಂಶ ಕೇಳಲು ನನ್ನನ್ನೂ ಬರಹೇಳಿದ್ದರು. ಹೇಳಬೇಕಾದ ಡಾಕ್ಟರು ಚಿಕ್ಕ ಹುಡುಗಿ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು. ನೆಗಡಿಯಾಗಿತ್ತು. ಪ್ರತಿ ವಾಕ್ಯದ ಕೊನೆಗೂ ಕರವಸ್ತ್ರ ಹುಡುಕುತ್ತಿದ್ದಳು.

"ನಮ್ಮ ಮೈಯಲ್ಲಿ ಪ್ರತಿಯೊಂದು ಕಣದಲ್ಲೂ ದಿನಾ ಪೆಟ್ಟು ಬೀಳ್ತಾನೇ ಇರುತ್ತೆ," ಎಂದಳು. "ಬಿಸಿಲು, ಹೊಗೆ, ಬಣ್ಣದ ರಾಸಾಯನಿಕ, ಏನೂ ಇಲ್ದಿದ್ರೂ ಸುಮ್ನೆ ನಕಲು ಮಾಡುವಾಗಿನ ತಪ್ಪು. ಇವನ್ನೆಲ್ಲ ದುರಸ್ತಿ ಮಾಡೋಕೆ ಒಳಗೇ ಕೆಲಸದವರಿದ್ದಾರೆ ಅಂದ್ಕೊಳ್ಳಿ. ಆ ಕೆಲಸದವರನ್ನ ತಯಾರು ಮಾಡೋ ವಂಶವಾಹಿಗಳಲ್ಲಿ ಒಂದು ನಿಮ್ಮ ಅಣ್ಣನಲ್ಲಿ ಹುಟ್ಟಿನಿಂದಲೇ ಬದಲಾಗಿದೆ. ಬಹುಶಃ ನಿಮ್ಮ ತಂದೆಯಿಂದ ಬಂದಿದ್ದು. ದುರಸ್ತಿ ಸರಿಯಾಗಿ ನಡೆಯಲ್ಲ. ಅದರ ಮೇಲೆ ಅಷ್ಟು ವರ್ಷ ಬಣ್ಣದ ಕೆಲಸ. ಎರಡೂ ಸೇರಿತು."

"ಅಂದ್ರೆ ರಿಪೇರಿಯವರು ಸೋಮಾರಿಗಳು," ಎಂದ ಅಣ್ಣ.

"ಸೋಮಾರಿಗಳಲ್ಲ. ಅವರಿಗೆ ಕೊಟ್ಟ ಉಪಕರಣ ಸರಿಯಿಲ್ಲ."

"ನಮ್ಮ ಕಾರ್ಖಾನೆಯ ಹಾಗೇ ಹೇಳ್ತಿದೀರಲ್ಲ."

ಅವಳು ನಕ್ಕಳು, ಕೆಮ್ಮಿದಳು, ನನ್ನ ಕಡೆಗೆ ತಿರುಗಿದಳು. ಒಡಹುಟ್ಟಿದವರಲ್ಲಿ ಇರುವ ಸಾಧ್ಯತೆ ಅರ್ಧಕ್ಕರ್ಧ. ನನ್ನಲ್ಲಿದ್ದರೆ ಮಗಳಲ್ಲಿರುವುದೂ ಅರ್ಧಕ್ಕರ್ಧ. ನನ್ನಲ್ಲಿಲ್ಲದಿದ್ದರೆ ನನ್ನಿಂದ ಅವಳಿಗೆ ಹೋಗುವುದು ಸಾಧ್ಯವಿಲ್ಲ. "ಇದ್ರೆ ಕಾಯಿಲೆ ಬಂದೇ ಬರುತ್ತೆ ಅಂತ ಅರ್ಥ ಅಲ್ಲ," ಎಂದಳು. "ಆದ್ರೆ ಇದ್ದು, ಮೇಲೆ ಬಣ್ಣದ ಕೆಲಸವನ್ನೂ ಮಾಡೋದಾದ್ರೆ, ಯೋಚನೆ ಮಾಡಬೇಕಾಗುತ್ತೆ."

ಯೋಚಿಸಿ ಹೇಳುತ್ತೇನೆ ಎಂದೆ.

ಬಸ್ಸಿನಲ್ಲಿ ಆ ಒಂದೇ ಮಾತು ಉಳಿದುಕೊಂಡಿತು. ದುರಸ್ತಿ. ಅವಳು ಅದನ್ನು ಎಷ್ಟು ನಂಬಿಕೆಯಿಂದ ಹೇಳಿದಳು! ಹರಿದದ್ದು ಕೂಡುತ್ತದೆ, ತಪ್ಪಿದ ಅಕ್ಷರ ಅಳಿಸಿ ಸರಿಯಾದದ್ದು ಬರುತ್ತದೆ. ನಮ್ಮ ಕಾರ್ಖಾನೆಯಲ್ಲಿಯೂ ಆ ಶಬ್ದವಿದೆ. ಬಣ್ಣ ಕೆಟ್ಟ ಲಾಟನ್ನು ದುರಸ್ತಿಗೆ ಕಳಿಸು ಎನ್ನುತ್ತೇವೆ. ಕಳಿಸಿದರೆ ತೊಟ್ಟಿಯವರು ಅದನ್ನು ಇನ್ನೂ ಗಾಢವಾದ ಬಣ್ಣದಲ್ಲಿ ಮುಳುಗಿಸುತ್ತಾರೆ. ಅದೂ ಕೆಟ್ಟರೆ ಕಪ್ಪು. ಕಪ್ಪಿನಲ್ಲಿ ಯಾವ ಕಲೆಯೂ ಕಾಣುವುದಿಲ್ಲ. ಅಡಿಯಲ್ಲಿ ಇದ್ದೇ ಇರುತ್ತದೆ, ಕಾಣುವುದಿಲ್ಲ ಅಷ್ಟೇ. ನಮ್ಮಲ್ಲಿ ದುರಸ್ತಿ ಎಂದರೆ ಇದು.

ಫೆಬ್ರವರಿ ೨೩, ಭಾನುವಾರ

ಅಣ್ಣನ ಮನೆಗೆ ಹೋಗಿದ್ದೆವು. ನಮ್ಮವರು ಶಾಲೆಯ ಬಸ್ಸು ಓಡಿಸುವವರು. ಭಾನುವಾರ ಗಾಡಿಯ ಶಬ್ದವಿಲ್ಲದೆ ಅವರಿಗೆ ನಿದ್ದೆ. ಅತ್ತಿಗೆಯ ಸೋಫಾದಲ್ಲಿ ಕೂತಲ್ಲೇ ಮಲಗಿಬಿಟ್ಟರು.

"ಯಾಕೆ ಪರೀಕ್ಷೆ ಬೇಡ?" ಎಂದು ಅಣ್ಣ ನೇರವಾಗಿ ಕೇಳಿದ.

"ಬೇಡ ಅಂದೆನಾ? ಯೋಚಿಸ್ತೀನಿ ಅಂದೆ."

"ನೀನು ಯೋಚಿಸೋದು ನನಗೆ ಗೊತ್ತಿಲ್ವಾ? ಚಿಕ್ಕೋಳಿದ್ದಾಗ ಹಲ್ಲು ಅಲ್ಲಾಡ್ತಿದ್ರೆ ನಾಲಗೆ ಕೂಡ ತಾಗಿಸ್ತಿರಲಿಲ್ಲ. ತಾಗಿಸದಿದ್ರೆ ಅಲ್ಲಾಡ್ತಿಲ್ಲ ಅಂತ ಲೆಕ್ಕ."

"ಹಲ್ಲು ಬಿತ್ತು ತಾನೆ, ಹೊಸದೂ ಬಂತು."

"ಇದು ಹಲ್ಲಲ್ಲ ಕಣೇ. ನಿನ್ನ ಮಗಳು ಏಪ್ರಿಲ್‌ನಿಂದ ಅಲ್ಲೇ ಇರ್ತಾಳೆ. ನಿನಗೆ ಬೇಡದಿದ್ರೆ ಬೇಡ, ಅವಳಿಗೋಸ್ಕರ ಒಂದು ತೊಟ್ಟು ರಕ್ತ ಕೊಡೋಕೆ ಏನು ಧಾಡಿ?"

ಅಷ್ಟರಲ್ಲಿ ಮಗಳು ತಟ್ಟೆಗಳನ್ನು ತೊಳೆದು ಬಂದಳು. "ಏನು ಮಾವ, ನನ್ನ ವಿಷಯ?"

"ನಿನ್ನ ಮದುವೆ ವಿಷಯ," ಎಂದ ಅಣ್ಣ.

"ಹಾಗಾದ್ರೆ ನಾನು ಇನ್ನೂ ಸ್ವಲ್ಪ ತಟ್ಟೆ ತೊಳೀತೀನಿ."

ಅವಳು ಹೋದ ಮೇಲೆ ಆಗಲಿ ಎಂದೆ. ನಮ್ಮವರು ಕಣ್ಣು ಬಿಡದೆಯೇ, "ಒಳ್ಳೇದು," ಎಂದರು. ಎಲ್ಲ ಕೇಳಿಸಿಕೊಂಡಿದ್ದರು.

ಮಾರ್ಚ್ ೧, ಶನಿವಾರ

ರಕ್ತ ಕೊಟ್ಟೆ. ಸಣ್ಣ ಗಾಜಿನ ಕೊಳವೆ, ನೇರಳೆ ಮುಚ್ಚಳ. ರಕ್ತ ನೋಡಿದ ಕೂಡಲೇ ಅದಕ್ಕೆ ಎಷ್ಟು ನೀಲಿ ಸೇರಿದೆ ಎಂದು ಲೆಕ್ಕ ಹಾಕಿದೆ. ಈ ಕಣ್ಣನ್ನು ಮನೆಯಲ್ಲಿ ಬಿಟ್ಟು ಬರಲಾಗುವುದಿಲ್ಲ.

ನೆಗಡಿ ವಾಸಿಯಾಗಿದ್ದ ಡಾಕ್ಟರು ಕೆಲವು ಪ್ರಶ್ನೆ ಕೇಳಿದಳು. ಸಿಗರೇಟು? ಇಲ್ಲ. ಪುಡಿ ತೂಗುವ ಕೋಣೆಯಲ್ಲಿ ಕೆಲಸ? ಮೊದಲ ಹಲವು ವರ್ಷ, ಅಪ್ಪನ ಜಾಗದಲ್ಲೇ. ಮೂತ್ರದಲ್ಲಿ ರಕ್ತ ಯಾವಾಗಾದರೂ? ಇಲ್ಲ.

ಎಲ್ಲರನ್ನೂ ಕೇಳುವ ಪ್ರಶ್ನೆಗಳು. ಫಲಿತಾಂಶಕ್ಕೆ ಮೂರು ನಾಲ್ಕು ವಾರ.

ಮಾರ್ಚ್ ೫, ಬುಧವಾರ

ಮಗಳ ಜೊತೆ ಲ್ಯಾಬಿನಲ್ಲಿ ಸಣ್ಣ ಜಗಳ. ತೆಳು ಕಂದು ಬಣ್ಣದ ಲಾಟ್. ಒಪ್ಪಿದೆ ಎಂದೆ. ಮೊದಲು ನೀನು ಹೇಳು ಎನ್ನುವುದನ್ನು ಮರೆತಿದ್ದೆ.

"ಕೆಂಪು ಜಾಸ್ತಿ ಇಲ್ವಾ ಅಮ್ಮ?"

"ಎಲ್ಲಿದೆ?"

"ಹಗಲಲ್ಲಿ ನೋಡು. ಈಗ ಅಂಗಡಿ ಹಾಕ್ತೀನಿ... ಅಂಗಡಿಯಲ್ಲಿ ಇನ್ನೂ ಜಾಸ್ತಿ."

"ನಿನ್ನ ಕಣ್ಣು ದಣಿದಿದೆ. ಸ್ವಲ್ಪ ಹೊತ್ತು ಬೂದು ಗೋಡೆ ನೋಡು."

ಗೋಡೆ ನೋಡಿ ಬಂದಳು. ಮತ್ತೆ ಅದನ್ನೇ ಹೇಳಿದಳು. ಯಂತ್ರಕ್ಕೆ ಕೊಟ್ಟರೆ ಯಂತ್ರವೂ ಕೆಂಪು ಎಂದಿತು, ಆದರೆ ಗಿರಾಕಿ ಒಪ್ಪುವ ಮಿತಿಯೊಳಗೆ. ಲಾಟ್ ಹೋಯಿತು. "ನೀನೇ ಅಲ್ವಾ ಹೇಳ್ತಿದ್ದಿದ್ದು, ಯಂತ್ರಕ್ಕೆ ಮಿತಿ, ಕಣ್ಣಿಗೆ ಮಿತಿ ಇಲ್ಲ ಅಂತ?" ಎಂದಳು. ವಯಸ್ಸಾದವರ ಮಾತನ್ನು ಅವರಿಗೇ ತಿರುಗಿಸುವುದರಲ್ಲಿ ಅವಳು ಅವಳ ಮಾವನ ಹಾಗೆ.

ಹಗಲಿನ ದೀಪ ಹಳತಾಗಿದೆ. ಬದಲಿಸಲು ಬರೆದುಕೊಟ್ಟೆ.

ಮಾರ್ಚ್ ೯, ಭಾನುವಾರ

ಈ ವಾರ ಏನೂ ಇಲ್ಲ. ಏನೂ ಇಲ್ಲ ಎಂದು ಬರೆದುಕೊಳ್ಳುವುದೇಕೋ ತಿಳಿಯದು.

ಮಾರ್ಚ್ ೧೪, ಶುಕ್ರವಾರ

ದೀಪ ಬದಲಿಸಿದರು. ಹಳೆಯ ಬೆಳಕಿನಲ್ಲಿ ನಾನೇ ಒಪ್ಪಿದ ಒಂದು ಲಾಟ್ ಗಿರಾಕಿಯಿಂದ ವಾಪಸ್ಸು ಬಂತು. ಇದು ಬೇರೆಯದು, ಮಸುಕು ಕಿತ್ತಳೆ. ಆ ದಿನ ಮಗಳು ರಜೆಯಲ್ಲಿದ್ದಳು. ಕೆಂಪು, ಕಣ್ಣಿಗೆ ಹೊಡೆಯುವಷ್ಟು ಕೆಂಪು ಎಂದು ಗಿರಾಕಿ ಹೇಳಿದನಂತೆ. ಮ್ಯಾನೇಜರು ಎರಡು ತುಂಡುಗಳನ್ನೂ ಹಿಡಿದುಕೊಂಡು ಬಂದರು. ಅವರು ಒಳ್ಳೆಯ ಮನುಷ್ಯ, ಬೈಯಲು ಬರುವುದಿಲ್ಲ, ಬದಲಿಗೆ ತಲೆ ಕೆರೆದುಕೊಳ್ಳುತ್ತಾರೆ.

"ಕಣ್ಣಮ್ಮ, ನಿಮಗೆ ಇದು ಕಾಣ್ಲಿಲ್ವಾ?"

ನೋಡಿದೆ. ಈಗ ಕಾಣುತ್ತಿತ್ತು. ಅಂದು ಯಾಕೆ ಕಾಣಲಿಲ್ಲ?

"ಹಳೇ ದೀಪ," ಎಂದೆ.

"ಹೌದ್ಹೌದು, ದೀಪ," ಎಂದರು, ನನಗಿಂತ ಅವರಿಗೇ ಆ ಉತ್ತರ ಬೇಕಾಗಿದ್ದ ಹಾಗೆ. "ದುರಸ್ತಿಗೆ ಹಾಕ್ಸಿ."

ಮಧ್ಯಾಹ್ನ ತೊಟ್ಟಿಯ ಕಡೆ ಹೋಗಿ ನಿಂತೆ. ಕಿತ್ತಳೆ ಬಟ್ಟೆ ಹಗ್ಗದ ಹಾಗೆ ಸುತ್ತಿಕೊಂಡು ಒಳಗೆ ಇಳಿಯುತ್ತ, ಇನ್ನೊಂದು ಕಡೆ ಏಳುತ್ತ ಇತ್ತು. ಮೊದಲ ಸುತ್ತಿಗೆ ಕಂದು, ಆಮೇಲೆ ನಡುವೆ ಹೆಸರಿಲ್ಲದ ಒಂದು ಬಣ್ಣ, ಆಮೇಲೆ ಕಪ್ಪು. ಎಷ್ಟು ಬೇಗ! ನೋಡುತ್ತಿದ್ದರೆ ಸಮಾಧಾನವಾಗುತ್ತಿತ್ತು. ತೊಟ್ಟಿಯವನು, "ಏನು ಕಣ್ಣಮ್ಮ, ಇಲ್ಲಿ ನಿಮ್ಮ ಕಣ್ಣಿಗೆ ಕೆಲಸ ಇಲ್ವಲ್ಲ," ಎಂದ. ತಮಾಷೆಗೆ ಹೇಳಿದ್ದು.

ಮಾರ್ಚ್ ೧೮, ಮಂಗಳವಾರ

ಅಣ್ಣನಿಗೆ ಕೊನೆಯ ಸಲದ ಔಷಧಿ. ಇನ್ನು ಕೆಲವು ವಾರ ಬಿಟ್ಟು ಒಳಗೆ ನಳಿಕೆ ಹಾಕಿ ನೋಡುತ್ತಾರೆ.

ಮನೆಯಲ್ಲಿ ಬಚ್ಚಲಿನ ಬಲ್ಬು ಹೋಗಿದೆ. ನಮ್ಮವರು ಸ್ಟೂಲು ಹಿಡಿದು ಬಂದರು. ನಾಳೆ ಹಾಕಿದರಾಯಿತು ಎಂದೆ. ನಡುಮನೆಯ ಬೆಳಕು ಬಾಗಿಲ ಸಂದಿಯಿಂದ ಬರುತ್ತದೆ, ಮುಖ ತೊಳೆಯಲು ಸಾಕು.

ಮಾರ್ಚ್ ೨೨, ಶನಿವಾರ

"ಆ ಬಲ್ಬು ಇವತ್ತಾದ್ರೂ ಹಾಕ್ಲಾ?"

"ಇರ್ಲಿ ಬಿಡಿ, ಅಭ್ಯಾಸ ಆಗಿದೆ."

"ಕತ್ತಲಿಗೂ ಅಭ್ಯಾಸವಾ? ಜಾರಿ ಬಿದ್ರೆ ನಾನು ಸ್ಕೂಲ್ ಬಸ್ಸಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾಗುತ್ತೆ. ಮಕ್ಕಳ ಜೊತೆ."

ನಕ್ಕೆ. ಬಲ್ಬು ಹಾಕಲು ಬಿಡಲಿಲ್ಲ. ನಡುವೆ ಒಂದೆರಡು ಸಲ ಉರಿ ಇತ್ತು. ನೀರು ಸಾಕಷ್ಟು ಕುಡಿಯುತ್ತಿಲ್ಲ.

ಮಾರ್ಚ್ ೨೭, ಗುರುವಾರ

ಇಲ್ಲ. ನನ್ನಲ್ಲಿ ಅದು ಇಲ್ಲ.

ಡಾಕ್ಟರು ಬಾಗಿಲಲ್ಲೇ ನಗುತ್ತ ನಿಂತಿದ್ದಳು, ಹಾಗಾಗಿ ಕೂರುವ ಮೊದಲೇ ತಿಳಿಯಿತು. ಅಣ್ಣನಲ್ಲಿರುವ ಬದಲಾವಣೆ ನನಗೆ ಬಂದಿಲ್ಲ. ಮಗಳಿಗೆ ನನ್ನ ಕಡೆಯಿಂದ ಬರುವ ಹಾಗಿಲ್ಲ. ಜೊತೆಗೆ ಬಂದಿದ್ದ ಮಗಳು ಅಲ್ಲಿಯೇ ನನ್ನನ್ನು ಅಪ್ಪಿಕೊಂಡಳು. ಅವಳಿಗೆ ಇಷ್ಟು ಭಯವಿತ್ತು ಎಂದು ನನಗೆ ಗೊತ್ತಿರಲಿಲ್ಲ. ತಟ್ಟೆ ತೊಳೆಯುತ್ತಲೇ ಎಲ್ಲ ಕೇಳಿಸಿಕೊಂಡಿದ್ದಳಂತೆ.

"ಒಂದು ಮಾತು," ಎಂದಳು ಡಾಕ್ಟರು. "ಇದು ಇಲ್ಲ ಅಂದ್ರೆ ಈ ಒಂದು ಕಾರಣ ಇಲ್ಲ ಅಂತ ಅಷ್ಟೇ. ಪುಡಿಯ ಕೋಣೆಯಲ್ಲಿ ನೀವು ಕಳೆದ ವರ್ಷಗಳು ಹಾಗೇ ಇವೆ. ದುರಸ್ತಿಯವರು ಚೆನ್ನಾಗಿದ್ರೂ ಕೆಲಸ ಜಾಸ್ತಿಯಾದ್ರೆ ಅವರಿಗೂ ಸಾಕಾಗುತ್ತೆ. ಏನಾದ್ರೂ ಬಣ್ಣ ಕಂಡ್ರೆ, ಒಂದೇ ಸಲ ಕಂಡ್ರೂ, ಬರಬೇಕು."

"ಖಂಡಿತ," ಎಂದೆ. ಮಗಳು ನನ್ನ ಕೈ ಹಿಡಿದುಕೊಂಡೇ ಇದ್ದಳು.

ಅಣ್ಣನಿಗೆ ಫೋನು ಮಾಡಿದೆ. "ಭೇಷ್," ಎಂದ. "ಅಪ್ಪ ಎಲ್ಲಾನೂ ನನಗೊಬ್ಬನಿಗೇ ಬಿಟ್ಟು ಹೋದ್ರು ನೋಡು. ಪಾಲು ಕೇಳಬೇಡ."

"ಕೇಳಲ್ಲ," ಎಂದೆ.

"ಹಾಳಾದ್ದು, ನಿಜವಾಗಿ ಖುಷಿ ಆಯ್ತು ಕಣೇ," ಎಂದು ಫೋನಿಟ್ಟ.

ಮಗಳು ದಾರಿಯಲ್ಲಿ ಕಿತ್ತಳೆ ಹಣ್ಣು ಕೊಂಡಳು, ಅವಳದೇ ದುಡ್ಡಿನಲ್ಲಿ. "ಇನ್ನೇನು ಅಡ್ಡಿ? ಒಂದನೇ ತಾರೀಖು ಸೇರ್ಕೋತೀನಿ. ಆಮೇಲೆ ನಿನ್ನ ಕುರ್ಚಿ ಮೇಲೆ ಕಣ್ಣು." ಅವಳ ಮುಖ ನೋಡಿದೆ. ಇದಕ್ಕಿಂತ ಒಳ್ಳೆಯ ದಿನ ಈಚೆಗೆ ಯಾವುದಿತ್ತು? ಇಲ್ಲ ಎಂಬ ಮಾತು ಎಷ್ಟು ದೊಡ್ಡದು. ಅದರೊಳಗೆ ಇಡೀ ಮನೆ ಮುಳುಗಿ ಎದ್ದಂತಿತ್ತು. ಯಾವ ಕಡೆ ತಿರುಗಿಸಿ ನೋಡಿದರೂ ಒಂದೇ ಬಣ್ಣ, ಎಲ್ಲೂ ಕಲೆಯಿಲ್ಲ.

ಸರಿಯಾದ ಹೋಲಿಕೆಯಲ್ಲ. ಬರೆದದ್ದನ್ನು ಹೊಡೆದುಹಾಕುವುದು ನನ್ನ ಅಭ್ಯಾಸವಲ್ಲ, ಇರಲಿ.

ಏಪ್ರಿಲ್ ೨, ಬುಧವಾರ

ಮಗಳು ನಿನ್ನೆಯಿಂದ ಕಾಯಂ. ಅದರ ಸಂಭ್ರಮಕ್ಕೆಂದು ನಮ್ಮವರು ನನ್ನನ್ನು ಕೇಳದೆ ಬಚ್ಚಲಿಗೆ ಹೊಸ ಬಲ್ಬು ಹಾಕಿದ್ದಾರೆ. ಬಿಳಿಯದು, ತುಂಬ ಪ್ರಖರ. ಅದರ ಕೆಳಗೆ ಬಣ್ಣ ಸ್ಪಷ್ಟವಾಗಿ ಕಂಡಿತು.

ಗುಲಾಬಿಯಲ್ಲ.

ಏಪ್ರಿಲ್ ೩, ಗುರುವಾರ

ಗುಲಾಬಿಯಲ್ಲ.

ಏಪ್ರಿಲ್ ೬, ಭಾನುವಾರ

ಅಣ್ಣ ಚೇತರಿಸಿಕೊಂಡಿದ್ದಾನೆ. ಮುಖಕ್ಕೆ ಬಣ್ಣ ಬಂದಿದೆ ಎಂದು ಅತ್ತಿಗೆ. ಒಳಗೆ ನೋಡುವ ದಿನ ಹತ್ತಿರ ಬಂದಂತೆ ಅವನ ತಮಾಷೆ ಹೆಚ್ಚುತ್ತದೆ, ಅದರಿಂದ ಅವನ ಹೆದರಿಕೆಯನ್ನು ಅಳೆಯಬಹುದು. ಅವನ ಮನೆಯ ಬಾಲ್ಕನಿಯಲ್ಲಿ ನಾವಿಬ್ಬರೇ ಚಹಾ ಹಿಡಿದು ಕೂತಿದ್ದೆವು. ಎದುರಿನ ಕಟ್ಟಡದಲ್ಲಿ ಯಾರೋ ಹೊದಿಕೆಗಳನ್ನು ಒಣಗಿಸಿದ್ದರು. ನೀಲಿ, ಹಳದಿ, ತೊಳೆದು ತೊಳೆದು ಹೆಸರು ಕಳೆದುಕೊಂಡ ಒಂದು ಹಸಿರು.

"ನಿನ್ನ ಕಣ್ಣಿಗೇನಾಗಿದೆ?" ಎಂದ.

"ಏನಾಗಿದೆ?"

"ಮರಿಕಣ್ಣು ಹೇಳಿದ್ಲು. ಎರಡು ತಿಂಗಳಿಂದ ಅಮ್ಮನಿಗೆ ಬೇರೆಲ್ಲ ಕಾಣುತ್ತೆ, ಕೆಂಪೊಂದು ಕಾಣಲ್ಲ ಅಂತ. ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲಾ ಮಾವ ಅಂತ ಕೇಳಿದ್ಲು."

"ದೀಪ ಹಳೇದಾಗಿತ್ತು. ಬದಲಾಯ್ಸಿದ್ರು."

"ಬದಲಾಯ್ಸಿದ ಮೇಲೂ ಅಂತೆ."

ಚಹಾ ಕುಡಿದೆ. ಅವನು ಹೊದಿಕೆಗಳನ್ನೇ ನೋಡುತ್ತ ಹೇಳಿದ: "ಅಪ್ಪನಿಗೆ ಕೊನೆಕೊನೆಗೆ ದಿನಾ ಕೆಂಪು ಬರ್ತಿತ್ತಲ್ಲ, ಆಗ ಕಾರ್ಖಾನೇಲಿ ಒಂದು ತಿಂಗಳಿಡೀ ನೀಲಿನೇ ಓಡಿತ್ತು. ನನಗೆ ಗೊತ್ತಿತ್ತು, ಆಗ ತಾನೆ ಕೆಲಸಕ್ಕೆ ಸೇರಿದ್ದೆ. ಕೇಳಿದೆ. ಅಪ್ಪ, ತೊಟ್ಟೀಲಿ ನೀಲಿ, ನಿಮಗೆ ಕೆಂಪು ಹೇಗೆ ಬರುತ್ತೆ? ಏನಂದ್ರು ಗೊತ್ತಾ? ಇದು ನಾಳೆಯ ಲಾಟ್ ಕಣೋ, ಅಂದ್ರು."

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಅವನು ನನ್ನ ಕಡೆ ತಿರುಗಿದ, ಅವನ ಬಾಯಿ ಇನ್ನೂ ನಗುತ್ತಿತ್ತು, ಕಣ್ಣು ನಿಂತುಹೋಗಿತ್ತು.

"ನಿಂದು ಯಾವ ಲಾಟ್ ಓಡ್ತಿದೆ ಈಗ?" ಎಂದ.

"ಬೂದು," ಎಂದೆ. ಕಾರ್ಖಾನೆಯಲ್ಲಿ ನಿಜವಾಗಿಯೂ ಬೂದು ಓಡುತ್ತಿದೆ.

ಹೊರಡುವಾಗ ಬಾಗಿಲವರೆಗೆ ಬಂದ. ಎಂದೂ ಬರುವವನಲ್ಲ. ಮಗಳು ಮೆಟ್ಟಿಲು ಇಳಿಯುವುದನ್ನು ನೋಡುತ್ತ, "ಅವಳು ತೂಗೋ ಕೋಣೆಗೂ ಹೋಗ್ತಾಳಾ?" ಎಂದ.

"ವಾರಕ್ಕೆ ಎರಡು ದಿನ. ಕಲಿಯೋಕೆ."

"ಮೂಗಿಗೆ ಕಟ್ಕೋತಾಳಾ?"

"ಹೇಳಿದ್ದೀನಿ."

"ನಮಗೂ ಹೇಳಿದ್ರು," ಎಂದ.

ಏಪ್ರಿಲ್ ೭, ಸೋಮವಾರ

ಮಗಳು ತೂಗುವ ಕೋಣೆಯಿಂದ ಹೊರಬಂದಾಗ ಹುಬ್ಬಿನ ಮೇಲೆ ನೀಲಿ ಪುಡಿ ಕೂತಿತ್ತು. ಮೂಗಿನ ಪಟ್ಟಿ ಕೊರಳಿಗೆ ಇಳಿದಿತ್ತು. "ಸೆಕೆ ಅಮ್ಮ, ಒಂದು ನಿಮಿಷ ತೆಗೆದಿದ್ದೆ," ಎಂದಳು. ನನ್ನ ಸೆರಗಿನಿಂದ ಹುಬ್ಬು ಒರೆಸಿದೆ. ಒಣ ಬಟ್ಟೆಗೆ ಆ ಪುಡಿ ಏನೂ ಅಲ್ಲ, ಬೂದಿಯ ಹಾಗೆ. ನೀರು ತಾಗಿದರೆ ಮಾತ್ರ ಬಣ್ಣ ಏಳುತ್ತದೆ. ಒಳಗೆ ಎಲ್ಲ ನೀರೇ.

ಇದ್ದರೆ ಯೋಚಿಸಬೇಕು ಎಂದಿದ್ದಳು ಆ ಡಾಕ್ಟರು. ಇಲ್ಲದಿದ್ದರೆ ಯೋಚಿಸಬೇಕಿಲ್ಲ ಎಂದು ಅವಳು ಎಂದೂ ಹೇಳಿರಲಿಲ್ಲ. ಅದನ್ನು ಸೇರಿಸಿಕೊಂಡವಳು ನಾನು. ನನ್ನ ದುರಸ್ತಿಯವರು ಸರಿಯಾಗಿಯೇ ಇದ್ದಾರಂತೆ, ಒಳ್ಳೆಯ ಉಪಕರಣಗಳೊಡನೆ. ಆದರೂ. ಮಗಳ ದುರಸ್ತಿಯವರೂ ಅಂಥವರೇ. ಆದರೂ.

ಸಂಜೆ ಹೊಸ ಬಲ್ಬಿನ ಕೆಳಗೆ ಬಹಳ ಹೊತ್ತು ನಿಂತಿದ್ದೆ. ನಮ್ಮವರು ಬಾಗಿಲು ತಟ್ಟಿದರು. "ಬಲ್ಬು ಚೆನ್ನಾಗಿದೆ ತಾನೆ?" ಎಂದರು.

"ಚೆನ್ನಾಗಿದೆ ರೀ," ಎಂದೆ.

ಏಪ್ರಿಲ್ ೮, ಮಂಗಳವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದೆ. ಬಣ್ಣದ ನೀರಿನ ಸ್ಯಾಂಪಲ್ ಹಿಡಿಯುವ ಗಾಜಿನ ಶೀಶೆಗಳಲ್ಲಿ ಒಂದನ್ನು ತೊಳೆದು ಶೌಚಾಲಯದೊಳಗೆ ಕೊಂಡುಹೋದೆ. ಹೊರಗೆ ಬಂದು ಬಿರಟೆ ಹಾಕಿ, ಬೆಳಕಿನ ಪೆಟ್ಟಿಗೆಯ ನಡುವೆ, ಬಿಳಿಯ ಹಂಚಿನ ಮುಂದೆ ಇಟ್ಟೆ. ಹಗಲು ಎಂಬ ಸ್ವಿಚ್ಚಿನ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ಕುರ್ಚಿಯನ್ನು ಹಿಂದಕ್ಕೆಳೆದು ಪೆಟ್ಟಿಗೆಯ ಕಡೆ ಬೆನ್ನು ಮಾಡಿ ಕೂತೆ. ಕಿಟಕಿಯಾಚೆ ಬಾಯ್ಲರಿನ ಹೊಗೆ ಏಳತೊಡಗಿತ್ತು. ಇನ್ನೂ ಸಮಯವಿದೆ, ಶೀಶೆಯನ್ನು ತೊಳೆದು ಸಾಲಿನಲ್ಲಿ ಇಟ್ಟುಬಿಡಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಮಗಳು ಬಂದಳು.

"ಇಷ್ಟು ಬೇಗ ಬಂದಿದ್ದೀಯಾ? ಅಪ್ಪ ಹುಡುಕ್ತಿದ್ರು." ಚೀಲ ಮೊಳೆಗೆ ತಗುಲಿಸಿದಳು. ಪೆಟ್ಟಿಗೆಯೊಳಗಿನ ಶೀಶೆ ಕಂಡಿತು. ಸಹಜವಾಗಿ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತಳು. ನಾನು ಕಲಿಸಿದ ಹಾಗೆ, ಮೊದಲು ಒಂದು ಕ್ಷಣ ಬೂದು ಗೋಡೆ ನೋಡಿ ಕಣ್ಣನ್ನು ಸಿದ್ಧ ಮಾಡಿಕೊಂಡಳು.

"ನಾನು ಮೊದಲು ಹೇಳ್ಬೇಕಾ?"

"ಮೊದಲು ನೀನು ಹೇಳು."

ಸ್ವಿಚ್ಚಿನ ಶಬ್ದ ಕೇಳಿತು. ನಾನು ತಿರುಗಲಿಲ್ಲ.

"ಹಗಲಲ್ಲಿ ಕೆಂಪು," ಎಂದಳು. "ಸ್ವಲ್ಪ ಕಂದು ಕಡೆಗೆ." ಇನ್ನೊಂದು ಸ್ವಿಚ್ಚು. "ಅಂಗಡಿಯಲ್ಲೂ ಕೆಂಪು." ಮೂರನೆಯದು. "ಮನೆಯಲ್ಲೂ. ಮೂರರಲ್ಲೂ ಕೆಂಪೇ ಅಮ್ಮ, ಅನುಮಾನವೇ ಇಲ್ಲ. ಆದ್ರೆ ಈಗ ಬೂದು ಓಡ್ತಿದೆಯಲ್ಲ. ಇದು ಯಾವ ಲಾಟ್?"

"ನನ್ನದು," ಎಂದೆ.

ಬಾಯ್ಲರು ಒಮ್ಮೆ ಉಸಿರು ಬಿಟ್ಟಿತು. ಸ್ಟೂಲು ಸರಿದ ಶಬ್ದವಾಯಿತು. ಅವಳು ಬಂದು ನನ್ನ ಕುರ್ಚಿಯ ಎರಡು ಕೈಗಳನ್ನೂ ಹಿಡಿದು, ನನ್ನನ್ನು ಕುರ್ಚಿ ಸಮೇತ ಪೆಟ್ಟಿಗೆಯ ಕಡೆ ತಿರುಗಿಸಿದಳು.

"ಈಗ ನೀನು ಹೇಳು," ಎಂದಳು.

ನೋಡಿದೆ. ಹೇಳಿದೆ.

ಅವಳು ಮೊಳೆಯಿಂದ ಚೀಲ ತೆಗೆದುಕೊಂಡಳು. ಫೋನಿನಲ್ಲಿ ಮ್ಯಾನೇಜರಿಗೆ, "ಅಮ್ಮನೂ ನಾನೂ ಆಸ್ಪತ್ರೆಗೆ ಹೋಗ್ತಿದ್ದೀವಿ, ಇವತ್ತು ಬರಲ್ಲ," ಎಂದಳು. ಆ ಕಡೆಯಿಂದ ಅವರು ಏನೋ ಕೇಳಿದರು. "ಬೂದು ಲಾಟಿಗೆ ಕಾಯೋಕೆ ಹೇಳಿ ಸಾರ್. ತೂಗೋ ಕೋಣೆಗೆ ನಾಳೆ ನಾನು ಬರಲ್ಲ, ನಾಡಿದ್ದೂ ಬರಲ್ಲ. ಆಮೇಲೆ ಮಾತಾಡ್ತೀನಿ." ಆ ಮಾತು ನಾನು ಹೇಳಬೇಕಾಗಿತ್ತು, ಬಾಯಿಗೆ ಬಂದಿತ್ತು ಕೂಡ.

ಇದನ್ನು ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಣ್ಣನ ಔಷಧಿಯ ದಿನ ಅತ್ತಿಗೆಯೂ ನಾನೂ ಕೂತಿದ್ದ ಬೆಂಚೇ. ಒಳಗೆ ಕರೆಯಲಿಲ್ಲ ಇನ್ನೂ. ಮಗಳು ಎರಡೂ ಕೈಯಲ್ಲಿ ಶೀಶೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಾಳೆ. ಯಾರಾದರೂ ನೋಡುತ್ತಾರೆ, ಚೀಲದೊಳಗೆ ಇಡೇ ಎಂದೆ.

"ನೋಡ್ಲಿ," ಎಂದಳು.